ವಿಶ್ವವಿದ್ಯಾಲಯವೇ ಪ್ರಾಯೋಜಕ ಆಗಿರುವ ಕ್ಲಿನಿಕಲ್ ಟ್ರಯಲ್: ಸಹಿಗೆ ಮೊದಲು ಏನೇನು ನೋಡಬೇಕು?

ಪ್ರಶ್ನೆ: ಸೋಂದೆ ಕಡೆಯವ, ಶಿರಸಿ

ನಮ್ಮ ಆಯಿಗೆ (ತಾಯಿಗೆ) 60 ವರ್ಷ. ಸಕ್ಕರೆ ಕಾಯಿಲೆ ಬಹಳ ವರ್ಷದ್ದು, ಈಗ ಅಂಗಾಲು ಉರಿ, ಜೋಮು. ಘಟ್ಟದ ಕೆಳಗಿನ ಒಂದು ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಇದಕ್ಕೆ ಟ್ರಯಲ್ ನಡೀತಾ ಇದೆ, ಸೇರ್ತೀರಾ ಅಂತ ಕೇಳಿದ್ದಾರೆ. 11 ಪುಟದ ಕನ್ನಡ ಮಾಹಿತಿ ಪತ್ರ ಮನೆಗೆ ಕೊಟ್ಟು ಕಳಿಸಿದ್ದಾರೆ. ಅದರಲ್ಲಿ ಇರುವುದು ಇಷ್ಟು: ಬೇರೆ ಕಾಯಿಲೆಗೆ ಈಗಾಗಲೇ ಔಷಧದಂಗಡಿಯಲ್ಲಿ ಸಿಗುವ ಒಂದು ಮಾತ್ರೆಯನ್ನು ಅಂಗಾಲು ಉರಿಗೆ ಕೊಟ್ಟು ನೋಡ್ತಾರೆ. ಒಟ್ಟು 120 ಜನ, ಅರ್ಧ ಜನಕ್ಕೆ ಆ ಮಾತ್ರೆ, ಅರ್ಧ ಜನಕ್ಕೆ ಪ್ಲಸೀಬೊ, ಅಂದ್ರೆ ಔಷಧ ಇಲ್ಲದ ಖಾಲಿ ಮಾತ್ರೆ. ದಿನಕ್ಕೆ ಎರಡು ಸಲ, 24 ವಾರ, 7 ಭೇಟಿ. ಈಗ ತಗೊಳ್ತಾ ಇರುವ ಸಕ್ಕರೆ ಮಾತ್ರೆ, ಉರಿಯ ಮಾತ್ರೆ ನಿಲ್ಲಿಸಬೇಕಾಗಿಲ್ಲ.

"ಪ್ರಾಯೋಜಕರು" ಅನ್ನುವ ಜಾಗದಲ್ಲಿ ಔಷಧ ಕಂಪನಿಯ ಹೆಸರಿಲ್ಲ, ವಿಶ್ವವಿದ್ಯಾಲಯದ ಹೆಸರೇ ಇದೆ. ಕಂಪನಿ ಇಲ್ಲ ಅಂದ್ರೆ ಹೆಚ್ಚು ನಂಬಬಹುದು ಅಂತಲೋ, ಅಥವಾ ಹೆಚ್ಚುಕಡಿಮೆ ಆದ್ರೆ ಕೇಳೋರೇ ಇಲ್ಲ ಅಂತಲೋ? ಪರವಾನಗಿ ಇದೆಯಾ ಅಂತ ಮನೆಯಿಂದಲೇ ನೋಡುವುದು ಹೇಗೆ? ಶಿರಸಿಯಿಂದ ಓಡಾಡುವ ಖರ್ಚು ಯಾರದ್ದು? ಬರುವ ಬುಧವಾರ ಸಹಿಗೆ ಕರೆದಿದ್ದಾರೆ.

ಉತ್ತರ 1: ಕಾಳಿ ತೀರ, ಕಾರವಾರ

ಮೊದಲು "ಪ್ರಾಯೋಜಕರು" ಎಂಬ ಪದವನ್ನೇ ಬಿಡಿಸೋಣ. ಯಕ್ಷಗಾನದ ಕರಪತ್ರದಲ್ಲಿ ಪ್ರಾಯೋಜಕರು ಅಂದರೆ ದುಡ್ಡು ಕೊಟ್ಟವರು. ಔಷಧ ಪ್ರಯೋಗದಲ್ಲಿ ಆ ಪದಕ್ಕೆ ಬೇರೆಯೇ ಅರ್ಥ. ಪ್ರಯೋಗವನ್ನು ಶುರು ಮಾಡಿದವರು, ಅದು ಬರೆದಿಟ್ಟ ಯೋಜನೆಯಂತೆಯೇ ನಡೆಯುತ್ತಿದೆಯೇ ಎಂದು ಕಾಯುವವರು, ತೊಂದರೆಯಾದರೆ ಉತ್ತರ ಕೊಡಬೇಕಾದವರು ಇಲ್ಲಿ ಪ್ರಾಯೋಜಕರು. ದುಡ್ಡು ಕೇಂದ್ರ ಸರ್ಕಾರದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನಿಂದ ಬಂದಿರಬಹುದು, ಮಾತ್ರೆಯನ್ನು ಯಾವುದೋ ಕಂಪನಿ ಪುಕ್ಕಟೆ ಕೊಟ್ಟಿರಬಹುದು, ಆದರೂ ಹೊಣೆ ವಿಶ್ವವಿದ್ಯಾಲಯದ ತಲೆಯ ಮೇಲೇ ಇರುತ್ತದೆ. ಹಾಗಾಗಿ ಕೇಳೋರಿಲ್ಲ ಎಂಬ ಭಯ ಬೇಡ. ಕೇಳಬೇಕಾದ ವಿಳಾಸ ಯಾವುದು ಎಂದು ಈಗಲೇ ಗೊತ್ತು ಮಾಡಿಕೊಳ್ಳಿ.

ಕಾನೂನಿನ ದಾರಿ ಎರಡು. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ, ಹೊಸ ಔಷಧವನ್ನು ಮಾರುಕಟ್ಟೆಗೆ ತರುವ ಉದ್ದೇಶದ ಪ್ರಯೋಗಕ್ಕೆ ದಿಲ್ಲಿಯ ಔಷಧ ನಿಯಂತ್ರಕರ, ಅಂದರೆ ಡಿಸಿಜಿಐ ಕಚೇರಿಯ, ಅನುಮತಿ ಬೇಕೇ ಬೇಕು. ಎರಡನೆಯದು ಅದೇ ನಿಯಮಗಳು ಹೇಳುವ ಅಕಾಡೆಮಿಕ್ ಟ್ರಯಲ್. ಈಗಾಗಲೇ ಒಪ್ಪಿಗೆ ಸಿಕ್ಕಿರುವ ಔಷಧವನ್ನು ಹೊಸ ಕಾಯಿಲೆಗೆ, ಹೊಸ ಪ್ರಮಾಣದಲ್ಲಿ, ಹೊಸ ರೂಪದಲ್ಲಿ ಅಥವಾ ದೇಹಕ್ಕೆ ಸೇರಿಸುವ ಹೊಸ ವಿಧಾನದಲ್ಲಿ ಪರೀಕ್ಷಿಸುವುದು, ಅದೂ ಜ್ಞಾನಕ್ಕಾಗಿ ಮಾತ್ರ, ಮಾರಾಟದ ಪರವಾನಗಿಗೆ ಅಲ್ಲ ಎಂದಾದರೆ, ಡಿಸಿಜಿಐ ಅನುಮತಿ ಬೇಕಿಲ್ಲ. ರೋಗಿಗಳ ಹಿತ ಕಾಯಲು ಪ್ರಯೋಗವನ್ನು ಪರಿಶೀಲಿಸುವ ಸಂಸ್ಥೆಯ ನೈತಿಕ ಸಮಿತಿಯ ಒಪ್ಪಿಗೆ ಸಾಕು. ಇದು ಯಾವ ಬಗೆಯದ್ದು ಎಂದು ಸಮಿತಿಗೇ ಅನುಮಾನ ಬಂದರೆ ಅದು 30 ಕೆಲಸದ ದಿನಗಳೊಳಗೆ ಡಿಸಿಜಿಐಗೆ ತಿಳಿಸಬೇಕು. ನೀವು ಬರೆದದ್ದನ್ನು ನೋಡಿದರೆ ನಿಮ್ಮದು ಈ ಎರಡನೆಯ ಬಗೆ. ಡಿಸಿಜಿಐ ಪತ್ರ ಇಲ್ಲ ಎಂಬ ಒಂದೇ ಕಾರಣಕ್ಕೆ ಅದನ್ನು ಕಳ್ಳ ಪ್ರಯೋಗ ಅನ್ನಬೇಡಿ. ಆದರೆ ಮೇಲಿನ ಒಂದು ಕಣ್ಣು ಕಡಿಮೆಯಾದ ಕಾರಣ ನೈತಿಕ ಸಮಿತಿಯ ಕೆಲಸಕ್ಕೆ ತೂಕ ಜಾಸ್ತಿ.

ಆ ಸಮಿತಿಯಲ್ಲಿ ಕನಿಷ್ಠ 7 ಜನ ಇರಬೇಕು. ಅರ್ಧದಷ್ಟಾದರೂ ಜನ ಆ ಸಂಸ್ಥೆಗೆ ಸಂಬಂಧಪಡದವರಾಗಿರಬೇಕು, ಅಧ್ಯಕ್ಷರು ಹೊರಗಿನವರೇ ಆಗಿರಬೇಕು. ಕಾನೂನು ಬಲ್ಲವರು ಒಬ್ಬರು, ವೈದ್ಯಕೀಯಕ್ಕೆ ಸಂಬಂಧವಿಲ್ಲದ ಸಾಮಾನ್ಯ ನಾಗರಿಕರು ಒಬ್ಬರು, ಮಹಿಳೆ ಒಬ್ಬರು ಕಡ್ಡಾಯ. ನಿಮ್ಮ ಮಾಹಿತಿ ಪತ್ರವನ್ನು ಓದಿ "ಇದು ಜನಕ್ಕೆ ಅರ್ಥವಾಗುತ್ತದೆಯೇ" ಎಂದು ಕೇಳಬೇಕಾದವರು ಆ ಸಾಮಾನ್ಯ ನಾಗರಿಕರು. ಮಾಹಿತಿ ಪತ್ರದ ಕೊನೆಯಲ್ಲಿ ಸಮಿತಿಯ ಸದಸ್ಯ ಕಾರ್ಯದರ್ಶಿಯ ಫೋನ್ ಇರಬೇಕು, ವೈದ್ಯರ ಫೋನ್ ಬೇರೆ ಇರಬೇಕು. ಎರಡೂ ಕಡೆ ಒಂದೇ ನಂಬರ್ ಇದ್ದರೆ ಸರಿಮಾಡಿಸಿ. ದೂರು ಇರುವುದು ವೈದ್ಯರ ಮೇಲೆಯೇ ಆದರೆ ಅವರಿಗೇ ಫೋನ್ ಮಾಡಿ ಹೇಳುವುದು ಹೇಗೆ?

ಮನೆಯಿಂದ ನೋಡುವ ಬಗೆ: ಸಿಟಿಆರ್‌ಐ ಎಂಬ ಸರ್ಕಾರಿ ನೋಂದಣಿ ತಾಣವಿದೆ. 2007ರಲ್ಲಿ ಶುರುವಾಯಿತು. 2018ರ ಏಪ್ರಿಲ್‌ನಿಂದ, ಮೊದಲ ರೋಗಿಯನ್ನು ಸೇರಿಸುವುದಕ್ಕೆ ಮುಂಚೆಯೇ ಬಂದ ಪ್ರಯೋಗಗಳನ್ನು ಮಾತ್ರ ಅಲ್ಲಿ ನೋಂದಾಯಿಸುತ್ತಾರೆ. ಮಾಹಿತಿ ಪತ್ರದ ಮೇಲೆ ಸಿಟಿಆರ್‌ಐ, ಓರೆಗೆರೆ, ವರ್ಷ, ತಿಂಗಳು, ಆಮೇಲೆ ಆರು ಅಂಕಿ, ಹೀಗೊಂದು ಸಂಖ್ಯೆ ಇದೆಯೇ ನೋಡಿ. ತಾಣದ ಹುಡುಕು ಪುಟದಲ್ಲಿ ಅದನ್ನು ಹಾಕಿದರೆ ಇಡೀ ದಾಖಲೆ ಪುಕ್ಕಟೆ ಬರುತ್ತದೆ. ಇಂಗ್ಲಿಷಿನಲ್ಲಿದೆ, ಉದ್ದ ಇದೆ. ಎಲ್ಲ ಓದಬೇಕಾಗಿಲ್ಲ, ಈ ಸಾಲುಗಳನ್ನು ನೋಡಿ.

"ಪ್ರೈಮರಿ ಸ್ಪಾನ್ಸರ್" ಎಂಬಲ್ಲಿ ಇರುವ ಹೆಸರೂ ನಿಮ್ಮ ಕಾಗದದಲ್ಲಿರುವ ಹೆಸರೂ ಒಂದೇ ಇರಬೇಕು. "ಸೋರ್ಸ್ ಆಫ್ ಮಾನಿಟರಿ ಆರ್ ಮೆಟೀರಿಯಲ್ ಸಪೋರ್ಟ್" ಎಂಬಲ್ಲಿ ದುಡ್ಡು, ಮಾತ್ರೆ ಎಲ್ಲಿಂದ ಬಂತು ಎಂದು ಗೊತ್ತಾಗುತ್ತದೆ. "ಎಥಿಕ್ಸ್ ಕಮಿಟಿ" ಸಾಲಿನಲ್ಲಿ "ಅಪ್ರೂವ್ಡ್" ಎಂದಿರಬೇಕು. ಹಲವು ಆಸ್ಪತ್ರೆಗಳಿದ್ದರೆ ನೀವು ಹೋಗುವ ಆಸ್ಪತ್ರೆಯ ಮುಂದೆಯೇ ಆ ಪದ ಇರಬೇಕು. ಡಿಸಿಜಿಐ ಸಾಲಿನಲ್ಲಿ ಅಕಾಡೆಮಿಕ್ ಪ್ರಯೋಗಕ್ಕೆ ಸಾಮಾನ್ಯವಾಗಿ "ನಾಟ್ ಅಪ್ಲಿಕೇಬಲ್" ಎಂದಿರುತ್ತದೆ. ಕೊನೆಯದಾಗಿ "ಪೋಸ್ಟ್ ಗ್ರಾಜುಯೇಟ್ ಥೀಸಿಸ್" ಎಂಬ ಸಾಲು. ಅಲ್ಲಿ "ಯೆಸ್" ಇದ್ದರೆ ಇದು ಎಂಡಿ ಓದುವ ವಿದ್ಯಾರ್ಥಿಯ ಪ್ರಬಂಧ. ಅದರಲ್ಲಿ ತಪ್ಪೇನಿಲ್ಲ, ಒಳ್ಳೆಯ ಪ್ರಬಂಧಗಳಿವೆ. ಆದರೆ ಎಂಡಿ ಮೂರು ವರ್ಷದ ಓದು, ಮುಗಿದ ಮೇಲೆ ವಿದ್ಯಾರ್ಥಿ ಊರು ಬಿಡುತ್ತಾರೆ. ಆಮೇಲೂ ಉತ್ತರ ಕೊಡುವ ಖಾಯಂ ವೈದ್ಯರು ಯಾರು ಎಂದು ಹೆಸರು ಬರೆಸಿಕೊಳ್ಳಿ.

ಉತ್ತರ 2: ಶರಾವತಿ ದಂಡೆ, ಹೊನ್ನಾವರ

ಕಾಗದದ ವಿಷಯ ಮೇಲಿನವರು ಹೇಳಿದ್ದಾರೆ. ನಾನು ಓಡಾಟ, ಮಾತ್ರೆ, ಡೈರಿ ಹೇಳ್ತೇನೆ. ಟ್ರಯಲ್ ಹಾಳಾಗುವುದು ಹೆಚ್ಚಾಗಿ ಇಲ್ಲೇ.

ಖರ್ಚು ಮೊದಲು. ಸಂಶೋಧನೆಗಾಗಿ ಮಾಡುವ ರಕ್ತ ಪರೀಕ್ಷೆ, ನರದ ಪರೀಕ್ಷೆ, ಟ್ರಯಲ್ ಮಾತ್ರೆ, ಇವಕ್ಕೆ ರೋಗಿಯಿಂದ ದುಡ್ಡು ತಗೊಳ್ಳುವ ಹಾಗಿಲ್ಲ ಅಂತ ಐಸಿಎಂಆರ್‌ನ 2017ರ ಮಾರ್ಗಸೂಚಿ ಸ್ಪಷ್ಟವಾಗಿ ಹೇಳ್ತದೆ. ಟ್ರಯಲ್ ಇಲ್ಲದಿದ್ದರೂ ಬೇಕಾಗುತ್ತಿದ್ದ ಮಾಮೂಲಿ ಸಕ್ಕರೆ ಮಾತ್ರೆ, ಮಾಮೂಲಿ ತಪಾಸಣೆ ನಿಮ್ಮ ಖರ್ಚು. ಜಗಳ ಬರುವುದು ಇವೆರಡರ ನಡುವೆ. ಕೌಂಟರಿನಲ್ಲಿ ಕೂತವರಿಗೆ ಯಾವುದು ಟ್ರಯಲ್ ಪರೀಕ್ಷೆ ಅಂತ ಗೊತ್ತಿರುವುದಿಲ್ಲ, ಬಿಲ್ ಹರಿದು ಕೊಡ್ತಾರೆ. ಅದಕ್ಕೆ ಪ್ರತಿ ಭೇಟಿಯಲ್ಲೂ ಪರೀಕ್ಷೆ ಚೀಟಿಯ ಮೇಲೆ ಟ್ರಯಲ್ ಸಂಯೋಜಕರ ಗುರುತು ಹಾಕಿಸಿಕೊಂಡೇ ಕೌಂಟರಿಗೆ ಹೋಗಿ. ಬಸ್ಸು, ರೈಲಿನ ಖರ್ಚು ಕೊಡುವುದು ವಾಡಿಕೆ, ಆದರೆ ಮೊತ್ತವನ್ನು ಮಾಹಿತಿ ಪತ್ರದಲ್ಲೇ ಬರೆದಿರಬೇಕು. ಊರಿಂದ ಊರಿಗೆ ಒಂದೇ ಮೊತ್ತ ಅಂತ ಇಟ್ಟಿದ್ದರೆ ಶಿರಸಿಯವರಿಗೆ ಸಾಲುವುದಿಲ್ಲ. ಆಯಿಯ ಜೊತೆ ಬರುವ ಒಬ್ಬರ ಖರ್ಚೂ ಸೇರುತ್ತದಾ ಕೇಳಿ.

ಏಳು ಭೇಟಿ ಅಂದ್ರೆ ಯಾವ್ಯಾವ ವಾರ ಅಂತ ಕ್ಯಾಲೆಂಡರ್ ಮೇಲೆ ಗುರುತು ಹಾಕಿ. ಪ್ರತಿ ಭೇಟಿಗೂ ಹಿಂದೆ ಮುಂದೆ ಇಷ್ಟು ದಿನ ಅಂತ ಸಡಿಲ ಇರ್ತದೆ, ಉದಾಹರಣೆಗೆ 3 ದಿನ. ಅದು ದಾಟಿ ಹೋದರೆ "ಯೋಜನೆ ಮೀರಿದ್ದು" ಅಂತ ದಾಖಲಾಗ್ತದೆ. ಮಳೆಗಾಲದಲ್ಲಿ ಬೀಳುವ ಭೇಟಿ ಯಾವುದು ನೋಡಿ. ದೇವಿಮನೆ ಘಟ್ಟದಲ್ಲಿ ಮಣ್ಣು ಕುಸಿದರೆ ಕುಮಟಾ ದಾರಿ ನಿಲ್ತದೆ, ಸುತ್ತು ಹಾಕಿ ಬರುವುದರಲ್ಲಿ ದಿನ ಹೋಗ್ತದೆ. ಅಡಕೆ ಕೊನೆಕೊಯ್ಲಿನ ಹೊತ್ತಿಗೆ ಬೀಳುವ ಭೇಟಿಗೆ ಕರೆದುಕೊಂಡು ಹೋಗಲು ಮನೆಯಲ್ಲಿ ಯಾರಿದ್ದಾರೆ ಅಂತಲೂ ಈಗಲೇ ಯೋಚಿಸಿ. ಕರಾವಳಿಯಲ್ಲಿ ಓದುವವರಿಗೂ ಒಂದು ಮಾತು: ಬೋಟಿಗೆ ಹೋಗಿ ದಿನಗಟ್ಟಲೆ ಸಮುದ್ರದಲ್ಲಿ ಇರುವವರಿಗೆ ಈ 3 ದಿನದ ಸಡಿಲ ಸಾಲುವುದೇ ಇಲ್ಲ. ಜೂನ್, ಜುಲೈ ಬಂದ್ ಇರುವ ಹೊತ್ತಿಗೆ ಮುಖ್ಯ ಭೇಟಿಗಳು ಬೀಳುವ ಹಾಗೆ ಸೇರುವ ತಾರೀಕು ಹೊಂದಿಸಲು ಆಗ್ತದಾ ಅಂತ ಮೊದಲೇ ಕೇಳಬಹುದು.

ಅತಿ ಮುಖ್ಯವಾದದ್ದು ಖಾಲಿ ಹೊಟ್ಟೆಯ ರಕ್ತ. ಬೆಳಿಗ್ಗೆ 8ಕ್ಕೆ ಖಾಲಿ ಹೊಟ್ಟೆಯಲ್ಲಿ ಬನ್ನಿ ಅಂತ ಬರೆದಿರ್ತಾರೆ. ಶಿರಸಿಯಿಂದ ಹೊರಡುವವರು ನಡುರಾತ್ರಿ ಕಳೆದು ಹೊರಡಬೇಕು. ಸಕ್ಕರೆ ಕಾಯಿಲೆಯವರು ಅಭ್ಯಾಸಬಲದಿಂದ ಗ್ಲಿಮೆಪಿರೈಡ್ ಥರದ ಮಾತ್ರೆ ನುಂಗಿ, ಅಥವಾ ಇನ್ಸುಲಿನ್ ಹಾಕಿಕೊಂಡು, ಏನೂ ತಿನ್ನದೆ ಬಸ್ಸು ಹತ್ತಿದರೆ ದಾರಿಯಲ್ಲೇ ಸಕ್ಕರೆ ಇಳಿದು ಬೆವರು, ನಡುಕ, ತಲೆ ಸುತ್ತು. 70ಕ್ಕಿಂತ ಕೆಳಗೆ ಹೋದರೆ ಅಪಾಯ. ಆಗ ರಕ್ತ ಕೊಡುವ ಭೇಟಿ ಅಂತ ಕಾಯಬಾರದು. ಮೂರು ಚಹಾ ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಬೇಕು, 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ಭೇಟಿ ಇನ್ನೊಂದು ದಿನ ಆಗ್ತದೆ. ಅಂದಿನ ಬೆಳಗಿನ ಸಕ್ಕರೆ ಮಾತ್ರೆ ಯಾವಾಗ ತಗೊಳ್ಳಬೇಕು ಅಂತ ಬರಹದಲ್ಲಿ ಕೇಳಿ ಪಡೆಯಿರಿ. ಹಿಂದಿನ ರಾತ್ರಿಯೇ ಬಂದು ಉಳಿಯುವ ವ್ಯವಸ್ಥೆ ಇದೆಯಾ ಕೇಳಿ. ಪರೀಕ್ಷೆ ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಮಾತ್ರ ಆಗಿದ್ದರೆ ಖಾಲಿ ಹೊಟ್ಟೆಯೇ ಬೇಕಿಲ್ಲ. ಅಂಥ ಭೇಟಿಗೂ ಸುಮ್ಮನೆ ಉಪವಾಸ ಮಾಡಿಸಬೇಡಿ.

ರಕ್ತ ಎಷ್ಟು ತೆಗೀತಾರೆ ಅಂತ ಹೆದರುವವರಿದ್ದಾರೆ. ಪ್ರತಿ ಸಲ 10 ಎಂ.ಎಲ್. ಅಂತ ಇಟ್ಟುಕೊಂಡರೂ ಏಳು ಭೇಟಿಗೆ 70 ಎಂ.ಎಲ್. ರಕ್ತದಾನದಲ್ಲಿ ಒಂದೇ ಸಲಕ್ಕೆ 350 ತೆಗೀತಾರೆ.

ಮಾತ್ರೆ. 4ನೇ ವಾರದಿಂದ 8ನೇ ವಾರಕ್ಕೆ 28 ದಿನ, ದಿನಕ್ಕೆ ಎರಡರಂತೆ 56, ಜೊತೆಗೆ 3 ದಿನದ ಸಡಿಲಕ್ಕೆ 6, ಹೀಗೆ 62 ಮಾತ್ರೆ ಕೊಟ್ಟಿರ್ತಾರೆ. ಖಾಲಿ ಪಟ್ಟಿಯನ್ನೂ ಉಳಿದ ಮಾತ್ರೆಯನ್ನೂ ವಾಪಸ್ ತರಬೇಕು, ಎಣಿಸ್ತಾರೆ. ಪಟ್ಟಿ ಒಲೆಗೆ ಹಾಕಿದರೆ ಲೆಕ್ಕ ತಪ್ತದೆ. ಮರೆತು ಉಳಿದ ಮಾತ್ರೆಗಳನ್ನು ಭೇಟಿಯ ಹಿಂದಿನ ದಿನ ಒಟ್ಟಿಗೆ ನುಂಗುವುದು, ಅಥವಾ ಬಿಸಾಡಿ "ಎಲ್ಲ ತಗೊಂಡೆ" ಅನ್ನುವುದು ಎರಡೂ ಬೇಡ. ಮರೆತಿದ್ದರೆ ಮರೆತೆ ಅನ್ನಿ, ಯಾರೂ ಬೈಯುವ ಹಾಗಿಲ್ಲ. ಮಳೆಗಾಲದ ಥಂಡಿಗೆ ಮಾತ್ರೆಯನ್ನು ಪಟ್ಟಿಯಿಂದ ಬಿಡಿಸಿ ಡಬ್ಬಿಗೆ ತುಂಬಿದರೆ ತೇವ ಹಿಡೀತದೆ. ಪಟ್ಟಿಯಲ್ಲೇ ಇರಲಿ, ಒಲೆಯ ಮೇಲಿನ ಗೂಡಲ್ಲಿ ಇಡಬೇಡಿ.

ಉರಿಯ ಡೈರಿ: ದಿನಾ ಸಂಜೆ 0ಯಿಂದ 10ರೊಳಗೆ ಒಂದು ಅಂಕಿ. ಆಯಿ ಹೇಳಿದ ಅಂಕಿಯನ್ನೇ ಬರೆಯಿರಿ, ಅದೇ ದಿನ ಬರೆಯಿರಿ. ಭೇಟಿಯ ಹಿಂದಿನ ರಾತ್ರಿ ಇಡೀ ತಿಂಗಳದ್ದನ್ನು ಒಟ್ಟಿಗೆ ತುಂಬಿದರೆ ಎಲ್ಲಾ 5, 5, 6, 5 ಆಗ್ತದೆ. ಮಾತ್ರೆ ಕೆಲಸ ಮಾಡಿತೋ ಇಲ್ಲವೋ ಅನ್ನುವುದು ಆ ಅಂಕಿಗಳ ಮೇಲೇ ನಿಂತಿದೆ.

ಇನ್ನು ಕಷಾಯ, ಹಳ್ಳಿಮದ್ದು. ಅಮೃತಬಳ್ಳಿ, ಮಧುನಾಶಿನಿ, ಯಾವುದೇ ಇರಲಿ, ಮೊದಲ ದಿನವೇ ಹೇಳಿ. ಸಣ್ಣದು ಅಂತ ಮುಚ್ಚಿಟ್ಟರೆ, ನಾಳೆ ಯಕೃತ್ತಿನ ಪರೀಕ್ಷೆಯಲ್ಲಿ ಏರುಪೇರು ಕಂಡಾಗ ಅದು ಟ್ರಯಲ್ ಮಾತ್ರೆಯಿಂದಲೋ ಕಷಾಯದಿಂದಲೋ ಯಾರಿಗೂ ಹೇಳಲು ಬರುವುದಿಲ್ಲ. ಅಮೃತಬಳ್ಳಿಯಿಂದ ಯಕೃತ್ತಿಗೆ ಪೆಟ್ಟಾದ ವರದಿಗಳು ನಮ್ಮ ದೇಶದಿಂದಲೇ ಬಂದಿವೆ.

ಉತ್ತರ 3: ಬೈತಖೋಲ, ಕಾರವಾರ

ಒಂದು ಸಂಶಯ. ಅರ್ಧ ಜನಕ್ಕೆ ಔಷಧಿಯೇ ಇಲ್ಲದ ಮಾತ್ರೆ ಕೊಟ್ಟು ಆರು ತಿಂಗಳು ಓಡಾಡಿಸುವುದು ಸರಿಯಾ? ಯಾವುದು ಒಳ್ಳೇದು ಅಂತ ಡಾಕ್ಟ್ರೇ ಆರಿಸಿ ಕೊಡಬಹುದಲ್ಲ.

ಉತ್ತರ 4: ಅಡಕೆ ಚಪ್ಪರ, ಸಿದ್ದಾಪುರ

ಯಾವುದು ಒಳ್ಳೆಯದು ಎಂದು ಗೊತ್ತಿಲ್ಲದಿರುವುದರಿಂದಲೇ ಪ್ರಯೋಗ ನಡೆಯುವುದು. ಗೊತ್ತಿದ್ದೂ ಅರ್ಧ ಜನರಿಗೆ ಕೊಡದೆ ಇದ್ದರೆ ಅದು ತಪ್ಪು, ನೈತಿಕ ಸಮಿತಿ ಒಪ್ಪಬಾರದು. ಇಲ್ಲಿ ಎಲ್ಲರಿಗೂ ಮಾಮೂಲಿ ಉರಿಯ ಮಾತ್ರೆ ಮುಂದುವರಿಯುತ್ತದೆ, ಅದರ ಮೇಲೆ ಹೊಸದೋ ಖಾಲಿಯೋ ಎಂಬುದಷ್ಟೇ ವ್ಯತ್ಯಾಸ. ಆ ಸಾಲು ಮಾಹಿತಿ ಪತ್ರದಲ್ಲಿ ಇದೆ ಎಂದು ಪ್ರಶ್ನೆ ಕೇಳಿದವರೇ ಬರೆದಿದ್ದಾರೆ. ಅದಿಲ್ಲದಿದ್ದರೆ ನಾನೂ ಬೇಡ ಅನ್ನುತ್ತಿದ್ದೆ.

ವೈದ್ಯರು ಯಾಕೆ ಆರಿಸಬಾರದು? ಅಡಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣದ ಬದಲು ಹೊಸದೊಂದು ಔಷಧಿ ಹೊಡೆದು ನೋಡಬೇಕು ಅಂದುಕೊಳ್ಳಿ. ಬಿಸಿಲು ಬೀಳುವ ಬದಿಗೆ ಹೊಸದು, ನೀರು ನಿಲ್ಲುವ ತಂಪು ಬದಿಗೆ ಹಳೆಯದು ಹೊಡೆದರೆ, ಕಾಯಿ ಉದುರುವುದು ಕಡಿಮೆಯಾದದ್ದು ಔಷಧಿಯಿಂದಲೋ ಬಿಸಿಲಿನಿಂದಲೋ? ವೈದ್ಯರು ತಾವೇ ಆರಿಸಿದರೆ ಹೀಗೇ ಆಗುತ್ತದೆ. ಗಟ್ಟಿ ಇರುವವರಿಗೆ ಹೊಸದು, ನಿತ್ರಾಣದವರಿಗೆ ಹಳೆಯದು ಎಂದು ಗೊತ್ತಿಲ್ಲದೆಯೇ ಕೈ ಹೋಗುತ್ತದೆ. ಅದಕ್ಕೆ ಮರ ಮರಕ್ಕೂ ಚೀಟಿ ಎತ್ತಿದ ಹಾಗೆ ರೋಗಿ ರೋಗಿಗೂ ಕಂಪ್ಯೂಟರ್ ಪಟ್ಟಿಯಿಂದ ಹಂಚುತ್ತಾರೆ. ಮುಂದಿನ ಹೆಸರಿಗೆ ಏನು ಬರುತ್ತದೆ ಎಂದು ವೈದ್ಯರಿಗೆ ಮೊದಲೇ ಗೊತ್ತಾಗದಂತೆ ಮುಚ್ಚಿದ ಲಕೋಟೆಯಲ್ಲೋ ಫೋನಿನ ಇನ್ನೊಂದು ತುದಿಯಲ್ಲೋ ಇಡುತ್ತಾರೆ.

ವಿಶ್ವವಿದ್ಯಾಲಯವೇ ಪ್ರಾಯೋಜಕ ಆಗಿದ್ದ ಪ್ರಯೋಗಗಳಲ್ಲಿ ಎಲ್ಲರ ಬದುಕಿಗೆ ತಟ್ಟಿದ್ದು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ರಿಕವರಿ. 2020ರ ಮಾರ್ಚ್‌ನಲ್ಲಿ ಮೊದಲ ಕೋವಿಡ್ ರೋಗಿ ಸೇರಿದರು, ಜೂನ್ 16ಕ್ಕೆ ಡೆಕ್ಸಾಮೆಥಾಸೋನ್ ಫಲಿತಾಂಶ ಹೊರಬಂತು. ಹಳೆಯ, ಅಗ್ಗದ ಔಷಧ, ದಿನಕ್ಕೆ 6 ಮಿಲಿಗ್ರಾಂ, ಹೆಚ್ಚೆಂದರೆ 10 ದಿನ. ಅದರಲ್ಲಿ ಲಾಭ ಮಾಡಲು ಯಾವ ಕಂಪನಿಗೂ ಆಸಕ್ತಿ ಇರಲು ಕಾರಣವಿಲ್ಲ. ಇಂಥ ಕೆಲಸವನ್ನು ವಿಶ್ವವಿದ್ಯಾಲಯಗಳೇ ಮಾಡಬೇಕು. ವೆಂಟಿಲೇಟರ್ ಮೇಲಿದ್ದವರಲ್ಲಿ 28 ದಿನದೊಳಗೆ ಸತ್ತವರು ಶೇ 41.4 ಇದ್ದದ್ದು 29.3ಕ್ಕೆ ಇಳಿಯಿತು. ಆದರೆ ಆಮ್ಲಜನಕವೇ ಬೇಕಿಲ್ಲದವರಲ್ಲಿ ಔಷಧ ಪಡೆದವರ ಸಾವು ಶೇ 17.8, ಪಡೆಯದವರದ್ದು 14.0. ಅವರಿಗೆ ಉಪಕಾರ ಕಾಣಲಿಲ್ಲ, ಕೇಡೇ ಆಗಿರಬಹುದು. ವೈದ್ಯರು ತಮಗೆ ತೋಚಿದವರಿಗೆಲ್ಲ ಕೊಟ್ಟುಕೊಂಡು ಹೋಗಿದ್ದರೆ ಯಾರಿಗೆ ಕೊಡಬೇಕು, ಯಾರಿಗೆ ಕೊಡಬಾರದು ಎಂಬುದು ಇಷ್ಟು ಸ್ಪಷ್ಟವಾಗಿ ಕಾಣುತ್ತಿರಲಿಲ್ಲ. ಹೈಡ್ರಾಕ್ಸಿಕ್ಲೋರೋಕ್ವಿನ್ ಉಪಯೋಗವಿಲ್ಲ ಎಂದು ತೋರಿಸಿದ್ದೂ ಅದೇ ಪ್ರಯೋಗ.

ಪ್ರಶ್ನೆ ಕೇಳಿದವರು: ಸೋಂದೆ ಕಡೆಯವ

ಸಿಟಿಆರ್‌ಐನಲ್ಲಿ ಸಿಕ್ಕಿತು. ನೈತಿಕ ಸಮಿತಿ "ಅಪ್ರೂವ್ಡ್", ಡಿಸಿಜಿಐ "ನಾಟ್ ಅಪ್ಲಿಕೇಬಲ್", ಥೀಸಿಸ್ "ಯೆಸ್". ಈಗ ಉಳಿದ ಪ್ರಶ್ನೆ ಪರಿಹಾರದ್ದು. ಮಾಹಿತಿ ಪತ್ರದ 8ನೇ ಪುಟದಲ್ಲಿ "ತೊಂದರೆಯಾದಲ್ಲಿ ಸೂಕ್ತ ಚಿಕಿತ್ಸೆ ಒದಗಿಸಲಾಗುವುದು" ಅಂತ ಒಂದೇ ಸಾಲು ಇದೆ. ವಿಮೆ, ದುಡ್ಡು ಯಾವುದೂ ಇಲ್ಲ. ಇಷ್ಟು ಸಾಕಾ?

ಉತ್ತರ 5: ಕಾಳಿ ತೀರ, ಕಾರವಾರ

ಸಾಲದು. ಈ ಒಂದು ಸಾಲಿನ ಮೇಲೆ ನೀವು ಗಟ್ಟಿಯಾಗಿ ನಿಲ್ಲಬೇಕು.

ಡಿಸಿಜಿಐ ಅನುಮತಿಯ ಪ್ರಯೋಗಗಳಲ್ಲಿ ಲೆಕ್ಕ ಕಾನೂನಿನಲ್ಲೇ ಇದೆ. ಗಂಭೀರ ತೊಂದರೆಯಾದರೆ ವೈದ್ಯರು 24 ತಾಸಿನೊಳಗೆ ವರದಿ ಮಾಡಬೇಕು, 14 ದಿನದೊಳಗೆ ವಿಶ್ಲೇಷಣೆ ಕೊಡಬೇಕು, ನೈತಿಕ ಸಮಿತಿ 30 ದಿನದೊಳಗೆ ಅಭಿಪ್ರಾಯ ಕಳಿಸಬೇಕು. ಪ್ರಯೋಗದಿಂದಾದ ಸಾವಿಗೆ ಸೂತ್ರ ಹೀಗೆ: 8 ಲಕ್ಷವನ್ನು ವಯಸ್ಸಿನ ಅಂಶದಿಂದಲೂ ಅಪಾಯದ ಅಂಶದಿಂದಲೂ ಗುಣಿಸಿ 99.37ರಿಂದ ಭಾಗಿಸುವುದು. 60 ವರ್ಷಕ್ಕೆ ವಯಸ್ಸಿನ ಅಂಶ 117.41. ಅಪಾಯದ ಅಂಶ 0.5ರಿಂದ 4ರವರೆಗೆ, ಕೊನೆಯ ಹಂತದ ರೋಗಿಗೆ 0.5, ಪೂರ್ತಿ ಆರೋಗ್ಯವಂತರಿಗೆ 4. 60 ವರ್ಷದವರಿಗೆ ಅಪಾಯದ ಅಂಶ 2 ಆದರೆ ಸುಮಾರು 18.90 ಲಕ್ಷ, 3 ಆದರೆ ಸುಮಾರು 28.36 ಲಕ್ಷ. ಆದೇಶ ಬಂದ 30 ದಿನದೊಳಗೆ ಪ್ರಾಯೋಜಕರು ಕಟ್ಟಬೇಕು. ಮಾತ್ರೆಯ ಅಡ್ಡ ಪರಿಣಾಮ ಮಾತ್ರವಲ್ಲ, ಯೋಜನೆ ಮೀರಿ ನಡೆದುಕೊಂಡದ್ದು, ಲಭ್ಯವಿದ್ದ ಮಾಮೂಲಿ ಚಿಕಿತ್ಸೆ ಕೊಡದೆ ಪ್ಲಸೀಬೊ ಕೊಟ್ಟದ್ದು, ಪರೀಕ್ಷೆಯ ವಿಧಾನದಿಂದಲೇ ಆದ ಪೆಟ್ಟು, ಇವೂ ಪರಿಹಾರಕ್ಕೆ ಕಾರಣಗಳೇ.

ಅಕಾಡೆಮಿಕ್ ಪ್ರಯೋಗ ನಡೆಯುವುದು ಐಸಿಎಂಆರ್ ಮಾರ್ಗಸೂಚಿಯ ಮೇಲೆ. ಅದು ಸೂತ್ರ ಕೊಡುವುದಿಲ್ಲ, ಹೊಣೆಯನ್ನು ಮಾತ್ರ ಸ್ಪಷ್ಟ ಮಾಡುತ್ತದೆ: ವೈದ್ಯರೇ ಅಥವಾ ವಿದ್ಯಾರ್ಥಿಯೇ ಶುರು ಮಾಡಿದ ಸಂಶೋಧನೆಯಲ್ಲಿ ಸಂಶೋಧಕರು ಮತ್ತು ಸಂಸ್ಥೆಯೇ ಪ್ರಾಯೋಜಕ. ತೊಂದರೆಯಾದವರಿಗೆ ಪರಿಹಾರ ಕೊಡಲು ಸಂಸ್ಥೆ ವಿಮೆಯನ್ನೋ ಮೀಸಲು ನಿಧಿಯನ್ನೋ ಇಟ್ಟಿರಬೇಕು. ಕಂಪನಿಯ ಪ್ರಯೋಗಕ್ಕೆ ವಿಮೆ ಸಾಮಾನ್ಯವಾಗಿ ಇರುತ್ತದೆ. ವಿದ್ಯಾರ್ಥಿಯ ಪ್ರಬಂಧಕ್ಕೆ ಆ ದುಡ್ಡನ್ನು ಯಾರೂ ಎತ್ತಿಡದೆ ಇರುವುದು ಸಾಧ್ಯ, "ಸೂಕ್ತ ಚಿಕಿತ್ಸೆ" ಎಂಬ ಮಾತಿನ ಹಿಂದೆ ಅದು ಅಡಗಿಕೊಳ್ಳುತ್ತದೆ.

ಕೇಳಬೇಕಾದದ್ದು ಮೂರು. ಚಿಕಿತ್ಸೆ ಪುಕ್ಕಟೆಯೇ, ಎಷ್ಟು ದಿನದವರೆಗೆ? ಶಿರಸಿಯಲ್ಲೋ ಕಾರವಾರದಲ್ಲೋ ತುರ್ತಾಗಿ ಸೇರಿಸಿದರೆ ಆ ಬಿಲ್ ಯಾರದ್ದು? ಪರಿಹಾರ ವಿಮೆಯಿಂದಲೋ ನಿಧಿಯಿಂದಲೋ, ಪಾಲಿಸಿ ಇದ್ದರೆ ಅದು ಯಾವ ತಾರೀಕಿನವರೆಗೆ? ಉತ್ತರ ಬಾಯಲ್ಲಿ ಬೇಡ. ಮಾಹಿತಿ ಪತ್ರ ಬದಲಾಗಬೇಕಾದರೆ ಅದು ಮತ್ತೆ ನೈತಿಕ ಸಮಿತಿಗೆ ಹೋಗಿ ಹೊಸ ಆವೃತ್ತಿ ಸಂಖ್ಯೆ, ಹೊಸ ತಾರೀಕಿನೊಂದಿಗೆ ಬರಬೇಕು. ಪೆನ್ನಿನಲ್ಲಿ ಪಕ್ಕದಲ್ಲಿ ಗೀಚಿ ಕೊಟ್ಟದ್ದು ನಡೆಯುವುದಿಲ್ಲ. ಬುಧವಾರವೇ ಸಹಿ ಆಗಬೇಕೆಂದು ಯಾವ ನಿಯಮವೂ ಇಲ್ಲ. ಯೋಚಿಸಲು ಸಮಯ ಕೇಳುವುದು ನಿಮ್ಮ ಹಕ್ಕು. ಸೇರದಿದ್ದರೂ, ನಡುವೆ ಬಿಟ್ಟು ಬಂದರೂ, ಆ ಆಸ್ಪತ್ರೆಯ ಮಾಮೂಲಿ ಚಿಕಿತ್ಸೆಗೆ ಏನೂ ಅಡ್ಡಿಯಾಗುವಂತಿಲ್ಲ.

ಉತ್ತರ 6: ಶರಾವತಿ ದಂಡೆ, ಹೊನ್ನಾವರ

ತುರ್ತು ಅಂದದ್ದಕ್ಕೆ ಇದನ್ನೂ ಸೇರಿಸ್ತೇನೆ. ಯಾವುದೇ ಕಾರಣಕ್ಕೆ ಒಳರೋಗಿಯಾಗಿ ಸೇರಿಸಿದರೂ ಅದು "ಗಂಭೀರ ಘಟನೆ"ಯೇ. ಅಂಗಳದಲ್ಲಿ ಜಾರಿ ಬಿದ್ದು ಸೊಂಟ ಮುರಿದರೂ, ಜ್ವರ ಬಂದು ಎರಡು ದಿನ ಮಲಗಿದರೂ ಅದೇ ದಿನ ಫೋನ್ ಮಾಡಿ ಹೇಳಬೇಕು. "ಮಾತ್ರೆಗೂ ಇದಕ್ಕೂ ಸಂಬಂಧ ಇಲ್ಲ" ಅಂತ ಮನೆಯವರು ತೀರ್ಮಾನ ಮಾಡುವುದು ಬೇಡ. ಜಾರಿ ಬಿದ್ದದ್ದು ಮಾತ್ರೆಯಿಂದ ತಲೆ ಸುತ್ತಿ ಇರಬಹುದಲ್ಲ.

ಟ್ರಯಲ್ ಕಾರ್ಡ್ ಕೊಡ್ತಾರೆ, ಅದರ ಮೇಲೆ 24 ತಾಸೂ ಎತ್ತುವ ನಂಬರ್ ಇರಬೇಕು. ಕೊಟ್ಟ ದಿನವೇ ರಾತ್ರಿ ಒಂದು ಸಲ ಫೋನ್ ಮಾಡಿ ನೋಡಿ, ಎತ್ತುತ್ತಾರಾ ಅಂತ. ಶಿರಸಿಯ ವೈದ್ಯರಿಗೆ ಆಯಿ ತಗೊಳ್ತಾ ಇರುವುದು ನಿಜವಾದ ಮಾತ್ರೆಯೋ ಖಾಲಿಯೋ ಗೊತ್ತಿರುವುದಿಲ್ಲ. ಚಿಕಿತ್ಸೆಗೆ ಅದು ಬೇಕೇ ಬೇಕು ಅಂತಾದರೆ ಆ ನಂಬರಿಗೆ ಫೋನ್ ಮಾಡಿ ಗುಟ್ಟು ಒಡೆಸಬಹುದು, ಅದಕ್ಕೆ ವ್ಯವಸ್ಥೆ ಇರಲೇಬೇಕು. ಕಾರ್ಡಿನ ಎರಡೂ ಬದಿ ಮನೆಯ ಎಲ್ಲರ ಮೊಬೈಲಿನಲ್ಲಿ ಫೋಟೋ ಇರಲಿ.

ಉತ್ತರ 7: ಬೈತಖೋಲ, ಕಾರವಾರ

ಪ್ಲಸೀಬೊ ವಿಷಯ ಈಗ ಅರ್ಥವಾಯಿತು. ಅಡಕೆ ಲೆಕ್ಕದಲ್ಲಿ ಹೇಳಿದ್ದು ಒಳ್ಳೇದಾಯಿತು. ನಮ್ಮ ಕಡೆ ಮನೆಮಾತು ಕೊಂಕಣಿ. ವಯಸ್ಸಾದವರಿಗೆ ಕನ್ನಡ ಕಾಗದ ಓದಿ ಹೇಳಿದರೆ ತಲೆ ಆಡಿಸ್ತಾರೆ, ಅರ್ಥ ಆಗಿರುವುದಿಲ್ಲ. ಅವರಿಗೆ ಏನು ದಾರಿ?

ಉತ್ತರ 8: ಕಾಳಿ ತೀರ, ಕಾರವಾರ

ಅವರಿಗೆ ಅರ್ಥವಾಗುವ ಭಾಷೆಯಲ್ಲೇ ಹೇಳಬೇಕು ಎಂಬುದು ನಿಯಮ. ಕೊಂಕಣಿಯಲ್ಲಿ, ಭಟ್ಕಳದ ಕಡೆ ನವಾಯತಿಯಲ್ಲಿ, ಹಳಿಯಾಳದಲ್ಲಿ ಮರಾಠಿಯಲ್ಲಿ ವಿವರಿಸಿ ಎಂದು ಕೇಳಬಹುದು. ಓದಲು ಬಾರದವರಾದರೆ ಪ್ರಯೋಗಕ್ಕೆ ಸಂಬಂಧಪಡದ ಒಬ್ಬ ಸಾಕ್ಷಿ ಪೂರ್ತಿ ಹೊತ್ತು ಜೊತೆಗೆ ಕೂತಿದ್ದು ಸಹಿ ಹಾಕಬೇಕು. ವಾರ್ಡಿನ ನರ್ಸ್‌ರನ್ನು ಕೊನೆಯ ನಿಮಿಷದಲ್ಲಿ ಕರೆದು ಹಾಕಿಸುವ ಸಹಿ ಸಾಕ್ಷಿಯಲ್ಲ.

ಕನ್ನಡ ಕಾಗದಗಳಲ್ಲೂ ತೊಡಕಿದೆ. "ಯಾದೃಚ್ಛಿಕವಾಗಿ ಹಂಚಲಾಗುವುದು" ಎಂದು ಬರೆದರೆ ಯಾರಿಗೆ ತಿಳಿಯುತ್ತದೆ? "ಚೀಟಿ ಎತ್ತಿದ ಹಾಗೆ" ಅಂದರೆ ತಿಳಿಯುತ್ತದೆ. ಅರ್ಥವಾಯಿತೋ ಇಲ್ಲವೋ ನೋಡಲು "ಗೊತ್ತಾಯ್ತಾ?" ಎಂದು ಕೇಳಬೇಡಿ, ಎಲ್ಲರೂ ಹೌದು ಅನ್ನುತ್ತಾರೆ. "ಇಲ್ಲಿ ಏನು ಮಾಡ್ತಾರೆ ಅಂತ ನನಗೆ ಹೇಳು ಆಯಿ" ಅನ್ನಿ. ಖಾಲಿ ಮಾತ್ರೆ ಬರಬಹುದು, ಉರಿ ಕಡಿಮೆ ಆಗದೆಯೂ ಇರಬಹುದು, ಬೇಡ ಅನ್ನಿಸಿದರೆ ಬಿಡಬಹುದು, ಈ ಮೂರು ಅವರ ಬಾಯಲ್ಲೇ ಬಂದರೆ ಸಹಿಗೆ ಸಿದ್ಧ. ಮಿಕ್ಕ ರಕ್ತವನ್ನು ಮುಂದಿನ ಸಂಶೋಧನೆಗೆ ಇಟ್ಟುಕೊಳ್ಳುವ ಒಪ್ಪಿಗೆಗೆ ಬೇರೆಯೇ ಗುರುತು ಹಾಕುವ ಜಾಗ ಇರಬೇಕು. ಅದಕ್ಕೆ ಬೇಡ ಅಂದರೂ ಪ್ರಯೋಗಕ್ಕೆ ಸೇರಬಹುದೇ ಎಂದು ಕೇಳಿ.

ಪ್ರಶ್ನೆ ಕೇಳಿದವರು: ಸೋಂದೆ ಕಡೆಯವ

ಫೋನ್ ಮಾಡಿ 8ನೇ ಪುಟದ ಬಗ್ಗೆ ಕೇಳಿದೆ. ಸಂಸ್ಥೆಯ ನಿಧಿ ಇದೆ, ಕಾಗದದಲ್ಲಿ ಬಿಟ್ಟುಹೋಗಿದೆ, ಸಮಿತಿಗೆ ಕಳಿಸಿ ತಿದ್ದುತ್ತೇವೆ ಅಂದರು. ಬುಧವಾರದ ಸಹಿ ಮುಂದೆ ಹೋಯಿತು. ಬೆಳಗಿನ ಸಕ್ಕರೆ ಮಾತ್ರೆ ರಕ್ತ ಕೊಟ್ಟು ತಿಂಡಿ ತಿನ್ನುವಾಗ ಅಂತಲೂ ಬರೆದು ಕಳಿಸುತ್ತಾರಂತೆ. ಒಪ್ಪಿಗೆ ಪತ್ರದ ಪ್ರತಿ ನಮಗೂ ಸಿಗ್ತದಾ, ಅಥವಾ ಅವರೇ ಇಟ್ಟುಕೊಳ್ತಾರಾ?

ಉತ್ತರ 9: ಶರಾವತಿ ದಂಡೆ, ಹೊನ್ನಾವರ

ಸಿಗಲೇಬೇಕು. ಮಾಹಿತಿ ಪತ್ರ ಪೂರ್ತಿ, ಜೊತೆಗೆ ನಿಮ್ಮದೂ ವೈದ್ಯರದ್ದೂ ಸಹಿ, ತಾರೀಕು ಇರುವ ಒಪ್ಪಿಗೆ ಪುಟ. ಅಂದೇ ಕೈಗೆ ತಗೊಂಡು ಬನ್ನಿ, ಆಮೇಲೆ ಕಳಿಸ್ತೇವೆ ಅಂದರೆ ಅಲ್ಲೇ ಜೆರಾಕ್ಸ್ ಮಾಡಿಸಿ. ಮೇಲಿನ ಮೂಲೆಯ ಆವೃತ್ತಿ ಸಂಖ್ಯೆ ತಿದ್ದಿದ ಕಾಗದದ್ದೇ ಇದೆಯಾ, 8ನೇ ಪುಟದಲ್ಲಿ ನಿಧಿಯ ಸಾಲು ಬಂದಿದೆಯಾ ನೋಡಿಕೊಂಡು ಆಮೇಲೆ ಆಯಿಗೆ ಪೆನ್ನು ಕೊಡಿ. ಸಹಿ ಆದ ಮೇಲೆ ತಪಾಸಣೆಯಲ್ಲಿ ಮೂತ್ರಪಿಂಡದ ಕೆಲಸ ತೋರಿಸುವ ಕ್ರಿಯೇಟಿನಿನ್ ಹೆಚ್ಚಿದೆ ಅಂತಲೋ ಮತ್ತೊಂದಕ್ಕೋ "ನೀವು ಇದಕ್ಕೆ ಹೊಂದುವುದಿಲ್ಲ" ಅಂದರೂ ಅನ್ನಬಹುದು. ಆಗ ಆ ರಿಪೋರ್ಟುಗಳ ಪ್ರತಿ ಕೇಳಿ ತನ್ನಿ, ನಿಮ್ಮ ಶಿರಸಿಯ ವೈದ್ಯರಿಗೆ ಬೇಕಾಗ್ತದೆ.